ನಾಲ್ಕು ಜೋಡಿಸಿದರೆ ಒಂದೇ ಏಕೆ ಕಾಣುತ್ತದೆ?



ಕಂಪ್ಯೂಟರಿನ ಸಂಗ್ರಹ ಸಾಧನಗಳ ಬಗ್ಗೆ ನೀವು ತರಗತಿಯಲ್ಲಿ ಓದಿರುತ್ತೀರಿ. ಹಾರ್ಡ್ ಡಿಸ್ಕ್ ಎಂದರೆ ತಿರುಗುವ ತಟ್ಟೆ, ಅದರ ಮೇಲೆ ಓಡಾಡುವ ತಲೆ. ಎಸ್‌ಎಸ್‌ಡಿ ಎಂದರೆ ತಿರುಗುವುದೇನೂ ಇಲ್ಲದ, ಕೇವಲ ಚಿಪ್ಪುಗಳಿರುವ ಸಂಗ್ರಹ. ಇಷ್ಟು ಪಠ್ಯದಲ್ಲಿದೆ. ಪಠ್ಯದಲ್ಲಿ ಇಲ್ಲದ, ಆದರೆ ಕಂಪ್ಯೂಟರ್ ಅಂಗಡಿಗಳಲ್ಲಿ ಮೇಲಿಂದ ಮೇಲೆ ಎದುರಾಗುವ ಒಂದು ತೊಡಕನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ. ಇದನ್ನು ತಿಳಿದವರಿಗೆ ಅದು ಐದು ನಿಮಿಷದ ಕೆಲಸ. ತಿಳಿಯದವರು ಸುಸ್ಥಿತಿಯಲ್ಲಿರುವ ಸಾಮಾನನ್ನು ಕೆಟ್ಟಿದೆಯೆಂದು ಹಿಂದಿರುಗಿಸುತ್ತಾರೆ, ಇಲ್ಲವೇ ಬೇಡದ ಮದರ್‌ಬೋರ್ಡ್ ಒಂದನ್ನು ಕೊಂಡುಬಿಡುತ್ತಾರೆ.

ವಿಜಯಪುರದ ಸಿದ್ಧೇಶ್ವರ ಗುಡಿಯ ಸುತ್ತಿನ ಓಣಿಗಳನ್ನು ಬಲ್ಲವರಿಗೆ ಅಲ್ಲಿಯ ಫೋಟೊ, ವಿಡಿಯೊ ಅಂಗಡಿಗಳೂ ಗೊತ್ತು. ಸಂಕ್ರಮಣದ ಜಾತ್ರೆ, ನಂದಿಕೋಲಿನ ಮೆರವಣಿಗೆ, ದನಗಳ ಸಂತೆ, ಆಮೇಲೆ ತಿಕೋಟಾ, ಬಬಲೇಶ್ವರದ ಕಡೆಯ ಮದುವೆಗಳು. ವರ್ಷವಿಡೀ ಚಿತ್ರೀಕರಣ ನಡೆದೇ ಇರುತ್ತದೆ. ನಾನು ಈ ವೃತ್ತಿಗೆ ಬಂದಾಗ ಟೇಪು ಇನ್ನೂ ಬಳಕೆಯಲ್ಲಿತ್ತು. ಕಪಾಟು ತುಂಬಿದರೆ ಇನ್ನೊಂದು ಕಪಾಟು ತರುತ್ತಿದ್ದೆವು. ಈಗ ಕಪಾಟಿನ ಜಾಗದಲ್ಲಿ ಡ್ರೈವ್ ಇದೆ. ಲೆಕ್ಕ ಹಾಕಿ ನೋಡಿ. 4ಕೆ ಚಿತ್ರವನ್ನು ಸಂಕಲನಕ್ಕೆ ಅನುಕೂಲವಾದ ಪ್ರೋರೆಸ್ ಎಚ್‌ಕ್ಯೂ ಎಂಬ ರೂಪದಲ್ಲಿ ಸೆಕೆಂಡಿಗೆ 25 ಚೌಕಟ್ಟುಗಳಂತೆ ಇಟ್ಟರೆ ಗಂಟೆಗೆ ಸುಮಾರು 330 ಗಿಗಾಬೈಟ್ ಬೇಕು. ಮೂರು ಕ್ಯಾಮೆರಾ ಒಂದು ಗಂಟೆ ಓಡಿದರೆ ಹತ್ತಿರ ಹತ್ತಿರ ಒಂದು ಟೆರಾಬೈಟ್. ಸಾಟಾ ಕೇಬಲಿನ ಎಸ್‌ಎಸ್‌ಡಿ ಸೆಕೆಂಡಿಗೆ 550 ಮೆಗಾಬೈಟ್‌ನಷ್ಟು ಓದುತ್ತದೆ. ಆ ಒಂದು ಟೆರಾಬೈಟ್ ಸಾಗಿಸಲು ಅರ್ಧ ಗಂಟೆ. ಎನ್‌ವಿಎಂಇ ಎಂಬ ಬಗೆಯ ಎಸ್‌ಎಸ್‌ಡಿ ಸಾಟಾವನ್ನು ಬಿಟ್ಟು ನೇರವಾಗಿ ಪಿಸಿಐ ಎಕ್ಸ್‌ಪ್ರೆಸ್ ದಾರಿಯಲ್ಲಿ ಪ್ರೊಸೆಸರಿಗೆ ಸೇರುತ್ತದೆ. ಇದರ ನಿಯಮಾವಳಿ ಮೊದಲು ಪ್ರಕಟವಾದದ್ದು 2011ರಲ್ಲಿ. ಅದೇ ಕೆಲಸ ಅದರಲ್ಲಿ ಐದಾರು ನಿಮಿಷಕ್ಕೆ ಇಳಿಯಬಹುದು, ಎದುರಿನ ಡ್ರೈವೂ ಅಷ್ಟೇ ಚುರುಕಾಗಿದ್ದರೆ.

ಸಾಮಾನ್ಯ ಮದರ್‌ಬೋರ್ಡಿನಲ್ಲಿ ಈ ಡ್ರೈವಿಗೆಂದೇ ಇರುವ ಎಂ.2 ಜಾಗಗಳು ಎರಡೋ ಮೂರೋ. ಅದಕ್ಕಿಂತ ಹೆಚ್ಚು ಬೇಕಾದವರು ನಾಲ್ಕು ಡ್ರೈವ್ ಕೂರುವ ಕಾರ್ಡ್ ತಂದು, ಗ್ರಾಫಿಕ್ಸ್ ಕಾರ್ಡಿಗೆ ಇರುವ ಉದ್ದನೆಯ ಸ್ಲಾಟಿನಲ್ಲಿ ಸಿಕ್ಕಿಸುತ್ತಾರೆ. ಅಂಥ ಒಂದು ಅಂಗಡಿಯವರು ನನ್ನನ್ನು ಕೇಳಿದ್ದು ಹೀಗೆ: "ಸರ್, ನಾಲ್ಕರಾಗ ಒಂದೇ ಕಾಣಸ್ತೈತ್ರಿ. ಉಳಿದ ಮೂರೂ ಕೆಟ್ಟಾವೇನ್ರಿ?" ಮಾರಿದವರು ಹಾಗೆಯೇ ಹೇಳಿ ಕಳಿಸಿದ್ದರಂತೆ. ಮೂರು ಹೊಸ ಡ್ರೈವ್ ಒಟ್ಟಿಗೇ ಕೆಡುವುದು ಬಹಳ ಅಪರೂಪ. ಒಂದೊಂದನ್ನೇ ಕಾರ್ಡಿನ ಮೊದಲನೆಯ ಜಾಗದಲ್ಲಿಟ್ಟು ನೋಡಿರೆಂದೆ. ನಾಲ್ಕೂ ಸರಿಯಾಗಿದ್ದವು. ಹಾಗಾದರೆ ತೊಡಕು ಡ್ರೈವಿನಲ್ಲಿಲ್ಲ, ದಾರಿಯಲ್ಲಿದೆ.

ಈ ದಾರಿಯನ್ನು ಸ್ವಲ್ಪ ವಿವರವಾಗಿ ನೋಡೋಣ. ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ ಮಾಹಿತಿ ಹರಿಯುವ ಮೂಲ ಘಟಕಕ್ಕೆ ಲೇನ್ ಎನ್ನುತ್ತಾರೆ. ಒಂದು ಲೇನಿನಲ್ಲಿ ಹೋಗಲು ಒಂದು ಜೊತೆ ತಂತಿ, ಬರಲು ಒಂದು ಜೊತೆ. 2003ರ ಮೊದಲ ಆವೃತ್ತಿಯಲ್ಲಿ ಒಂದು ಲೇನ್ ಸೆಕೆಂಡಿಗೆ 250 ಮೆಗಾಬೈಟ್ ಸಾಗಿಸುತ್ತಿತ್ತು. 2010ರ ಮೂರನೆಯ ಆವೃತ್ತಿಯಲ್ಲಿ ಅದು ಒಂದು ಗಿಗಾಬೈಟಿಗೆ ತುಸು ಕಡಿಮೆ. 2017ರ ನಾಲ್ಕನೆಯದರಲ್ಲಿ ಅದರ ಎರಡರಷ್ಟು, 2019ರ ಐದನೆಯದರಲ್ಲಿ ಮತ್ತೆ ಎರಡರಷ್ಟು. ಉದ್ದನೆಯ ಸ್ಲಾಟಿಗೆ ಇಂಥ 16 ಲೇನ್ ಬರುತ್ತವೆ. ಒಂದು ಎನ್‌ವಿಎಂಇ ಡ್ರೈವಿಗೆ ಬೇಕಾದದ್ದು 4. ಹದಿನಾರನ್ನು ನಾಲ್ಕರಿಂದ ಭಾಗಿಸಿದರೆ ನಾಲ್ಕು. ಲೆಕ್ಕ ಸರಿಯೇ ಇದೆ. ಆದರೆ ಭಾಗಿಸುವವರು ಯಾರು?

ಕಂಪ್ಯೂಟರ್ ಚಾಲೂ ಆದಾಗ ಪ್ರೊಸೆಸರಿನೊಳಗಿನ ಪೋರ್ಟ್ ಎಂಬ ಭಾಗವು ತನ್ನ ಲೇನುಗಳ ಆ ತುದಿಯಲ್ಲಿ ಯಾರಾದರೂ ಇದ್ದಾರೆಯೇ ಎಂದು ವಿಚಾರಿಸುತ್ತದೆ. ಉತ್ತರ ಬಂದರೆ ಎಷ್ಟು ಲೇನ್, ಎಷ್ಟು ವೇಗ ಎಂದು ಎರಡೂ ಕಡೆಯವರು ಒಪ್ಪಂದಕ್ಕೆ ಬರುತ್ತಾರೆ. ಒಂದು ಪೋರ್ಟು ಒಂದೇ ಸಾಧನದೊಂದಿಗೆ ಒಪ್ಪಂದ ಮಾಡಿಕೊಳ್ಳಬಲ್ಲದು. ಇದು ಇಡೀ ವಿಷಯದ ಬೀಗದ ಕೈ. 16 ಲೇನುಗಳೂ ಒಂದೇ ಪೋರ್ಟಿಗೆ ಸೇರಿದ್ದರೆ, ಮೊದಲ ನಾಲ್ಕು ಲೇನುಗಳಲ್ಲಿರುವ ಡ್ರೈವಿನೊಂದಿಗೆ ಮಾತು ಮುಗಿಯುತ್ತದೆ, ಉಳಿದ 12 ಲೇನುಗಳು ಸುಮ್ಮನೆ ಬಿದ್ದಿರುತ್ತವೆ. ಆ ಲೇನುಗಳಲ್ಲಿರುವ ಮೂರು ಡ್ರೈವುಗಳಿಗೆ ವಿದ್ಯುತ್ತು ಬರುತ್ತಿರುತ್ತದೆ, ಮುಟ್ಟಿದರೆ ಬೆಚ್ಚಗಿರುತ್ತವೆ. ಮಾತನಾಡಿಸುವವರು ಮಾತ್ರ ಇಲ್ಲ.

ಆದ್ದರಿಂದ ಒಂದು ಪೋರ್ಟನ್ನು ನಾಲ್ಕು ಪೋರ್ಟುಗಳಾಗಿ ಒಡೆಯಬೇಕು. ಇದಕ್ಕೆ ಬೈಫರ್ಕೇಶನ್ ಎಂದು ಹೆಸರು, ಕವಲೊಡೆಸುವುದು ಎನ್ನೋಣ. ಒಡೆಯುವ ಶಕ್ತಿ ಇರುವುದು ಪ್ರೊಸೆಸರಿನಲ್ಲಿ, ಒಡೆ ಎಂದು ಹೇಳುವುದು ಮದರ್‌ಬೋರ್ಡಿನ ಬಯಾಸ್. ಅಗ್ಗದ ಕಾರ್ಡಿನಲ್ಲಿ ಬುದ್ಧಿಯೆಂಬುದೇನೂ ಇರುವುದಿಲ್ಲ. ಅದು ತಂತಿಗಳನ್ನು ನಾಲ್ಕು ಕಡೆ ಒಯ್ಯುತ್ತದೆ, ಸ್ಲಾಟಿನಿಂದ ಬರುವ ಒಂದು ಗಡಿಯಾರ ಸಂಕೇತವನ್ನು ನಾಲ್ಕು ಮಾಡಿ ಹಂಚುತ್ತದೆ, ಅಷ್ಟೇ.

ನಮ್ಮ ಊರಿನಲ್ಲೇ ಇದಕ್ಕೆ ಹತ್ತಿರದ ಒಂದು ಏರ್ಪಾಡಿದೆ. ಮಹಮ್ಮದ್ ಆದಿಲ್ ಶಾಹನ ಕಾಲದಲ್ಲಿ, 1651ರಲ್ಲಿ, ಊರಿನ ದಕ್ಷಿಣಕ್ಕೆ ಬೇಗಂ ತಲಾಬ್ ಆಯಿತು. ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಊರೊಳಗೆ ಬರುತ್ತಿತ್ತು. ದಾರಿಯಲ್ಲಿ ಅಲ್ಲಲ್ಲಿ ಗಂಜ್ ಎಂಬ ಗೋಪುರಗಳು. ನೀರಿನ ಒತ್ತಡ ತಗ್ಗಿಸಿ, ಕೆಸರು ತಂಗಲು ಬಿಟ್ಟು, ಮುಂದಕ್ಕೆ ಕೊಡುವ ಕೆಲಸ ಅವುಗಳದು. ಕೆಲವು ಇಂದಿಗೂ ನಿಂತಿವೆ. ಕೆರೆ ತುಂಬಿದ್ದರೂ, ಮನೆಯ ಮುಂದೆ ತೊಟ್ಟಿ ಕಟ್ಟಿದ್ದರೂ, ನಡುವೆ ಆ ಕಡೆಗೆ ಬಾಯಿ ತೆರೆಯದಿದ್ದರೆ ತೊಟ್ಟಿಗೆ ನೀರಿಲ್ಲ. ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯಬಾರದು. ನೀರಾದರೆ ಒಂದು ಬಾಯಿ ಮುಚ್ಚಿದಾಗ ಉಳಿದವುಗಳಿಗೆ ಹೆಚ್ಚು ಬರುತ್ತದೆ. ಇಲ್ಲಿ ಹಾಗಿಲ್ಲ: ಪಕ್ಕದ ಮೂರು ಡ್ರೈವ್ ಸುಮ್ಮನಿದ್ದರೂ ನಾಲ್ಕನೆಯದು ಅವುಗಳ ಲೇನನ್ನು ಎರವಲು ಪಡೆಯಲಾರದು.

ಈಗ ಕೈಗೆ ಬರೋಣ. ಕಂಪ್ಯೂಟರ್ ಚಾಲೂ ಆಗುವಾಗ ಡಿಲೀಟ್ ಅಥವಾ ಎಫ್2 ಒತ್ತಿ ಬಯಾಸ್ ಒಳಗೆ ಹೋಗಿ. ಪಿಸಿಐಇ ಬೈಫರ್ಕೇಶನ್ ಎಂಬ ಆಯ್ಕೆಯನ್ನು ಹುಡುಕಿ. ಕೆಲವು ತಯಾರಕರು ಅದಕ್ಕೆ ಪಿಸಿಐಇ ರೇಡ್ ಮೋಡ್ ಎಂದು ಹೆಸರಿಟ್ಟಿದ್ದಾರೆ. ರೇಡ್ ಬೇಡದವರು ಅದನ್ನು ಮುಟ್ಟುವುದೇ ಇಲ್ಲ, ಇದೊಂದು ಕೆಟ್ಟ ಹೆಸರು. ಅಲ್ಲಿ ಆಟೊ ಎಂದಿರುವುದನ್ನು ನಾಲ್ಕು-ನಾಲ್ಕು-ನಾಲ್ಕು-ನಾಲ್ಕು ಎಂದು ಬದಲಿಸಿ ಉಳಿಸಿ. ನಾನು ಹೇಳಿದ ಅಂಗಡಿಯಲ್ಲಿ ಇಷ್ಟೇ ಮಾಡಿದ್ದು. ಮತ್ತೆ ಚಾಲೂ ಮಾಡಿದಾಗ ನಾಲ್ಕೂ ಕಂಡವು.

ಎಲ್ಲ ಬೋರ್ಡಿನಲ್ಲೂ ಇಷ್ಟು ಸುಲಭವಲ್ಲ. ಎಎಂಡಿಯ ರೈಜೆನ್ ಡೆಸ್ಕ್‌ಟಾಪ್ ಪ್ರೊಸೆಸರುಗಳ ಬಹುತೇಕ ಬೋರ್ಡುಗಳಲ್ಲಿ ನಾಲ್ಕು ಕವಲು ಸಾಧ್ಯ. ಆದರೆ ಗ್ರಾಫಿಕ್ಸಿಗೆ ಹೆಚ್ಚು ಒತ್ತು ಕೊಟ್ಟ ಕೆಲವು ರೈಜೆನ್‌ಗಳಲ್ಲಿ ಆ ಸ್ಲಾಟಿಗೆ ಬರುವುದೇ 8 ಲೇನ್. ಇಂಟೆಲ್‌ನ 11ನೆಯ ಪೀಳಿಗೆಯವರೆಗಿನ ಸಾಮಾನ್ಯ ಡೆಸ್ಕ್‌ಟಾಪ್ ಪ್ರೊಸೆಸರುಗಳು 8-4-4 ಎಂದು ಮೂರು ಭಾಗವಾಗಬಲ್ಲವು, ಬೋರ್ಡು ಒಪ್ಪಿದರೆ. 12ನೆಯದರಿಂದ 14ನೆಯ ಪೀಳಿಗೆಯವರೆಗೆ ಆ ಸ್ಲಾಟನ್ನು 8-8 ಎಂದು ಎರಡಾಗಿ ಮಾತ್ರ ಒಡೆಯಬಹುದು. ಇಲ್ಲಿ ಒಂದು ಸ್ವಾರಸ್ಯವಿದೆ. ಎಷ್ಟು ಡ್ರೈವ್, ಯಾವ ಜಾಗದವು ಕಾಣುತ್ತಿವೆ ಎಂಬುದರಿಂದಲೇ ಒಳಗೆ ಏನಾಗಿದೆ ಎಂದು ಊಹಿಸಬಹುದು. ಮೊದಲನೆಯದು ಮಾತ್ರ ಕಂಡರೆ ಪೋರ್ಟು ಒಡೆದೇ ಇಲ್ಲ. ಒಂದು ಮತ್ತು ಮೂರು ಕಂಡರೆ 8-8. ಒಂದು, ಮೂರು, ನಾಲ್ಕು ಕಂಡು ಎರಡನೆಯದು ಮಾಯವಾಗಿದ್ದರೆ 8-4-4. ಏಕೆಂದು ಕಾಗದದ ಮೇಲೆ 16 ಗೆರೆ ಎಳೆದು ನೀವೇ ಕಂಡುಕೊಳ್ಳಿ. ಕೆಲವು ಬೋರ್ಡುಗಳಲ್ಲಿ ಲೇನಿನ ಕ್ರಮ ತಿರುಗಿರುತ್ತದೆ ಎಂಬುದು ನೆನಪಿರಲಿ.

ಸ್ಲಾಟಿನ ಉದ್ದವನ್ನು ನಂಬಬೇಡಿ. ಬೋರ್ಡಿನ ಕೆಳಭಾಗದಲ್ಲಿರುವ ಎರಡನೆಯ ಉದ್ದನೆಯ ಸ್ಲಾಟಿಗೆ ಎಷ್ಟೋ ಸಲ 4 ಲೇನ್ ಮಾತ್ರ ಇರುತ್ತವೆ, ಅವೂ ಚಿಪ್‌ಸೆಟ್ ಮೂಲಕ ಬಂದವು. ಅಲ್ಲಿ ಕವಲೊಡೆಸುವ ಮಾತೇ ಸಾಮಾನ್ಯವಾಗಿ ಇರುವುದಿಲ್ಲ. ಬೋರ್ಡಿನ ಕೈಪಿಡಿ ತಯಾರಕರ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಕಾರ್ಡ್ ಕೊಳ್ಳುವ ಮುನ್ನ ಆ ಒಂದು ಪುಟ ಓದಿ. ಇನ್ನು ಮೊದಲ ಸ್ಲಾಟಿನಲ್ಲಿ ಡ್ರೈವಿನ ಕಾರ್ಡ್ ಕೂತರೆ ಗ್ರಾಫಿಕ್ಸ್ ಕಾರ್ಡ್ ಎಲ್ಲಿಗೆ ಹೋಗಬೇಕು? ಸಂಕಲನದ ಯಂತ್ರಕ್ಕೆ ಅದೂ ಬೇಕು. ಅಂಥವರು ಎರಡು ಉದ್ದನೆಯ ಸ್ಲಾಟುಗಳನ್ನು 8-8 ಎಂದು ಹಂಚುವ ಬೋರ್ಡನ್ನು ಆರಿಸಿಕೊಂಡು, ಎರಡನೆಯದರಲ್ಲಿ ಎರಡು ಡ್ರೈವಿನ ಕಾರ್ಡ್ ಹಾಕಿ, ಅದನ್ನು ಮತ್ತೆ 4-4 ಎಂದು ಒಡೆಯಲು ಬಯಾಸ್ ಬಿಡುತ್ತದೆಯೇ ನೋಡಬೇಕು. ಆ ಅಂಗಡಿಯ ಯಂತ್ರದಲ್ಲಿ ಈ ಪ್ರಶ್ನೆ ಏಳಲಿಲ್ಲ. ಅದು ದೃಶ್ಯ ತುಂಬಿಡುವ ಯಂತ್ರ, ಪ್ರೊಸೆಸರಿನ ಒಳಗಿನ ಗ್ರಾಫಿಕ್ಸೇ ಅದಕ್ಕೆ ಸಾಕಾಗಿತ್ತು.

ಬೋರ್ಡು ಕವಲೊಡೆಯಲು ಒಪ್ಪದಿದ್ದರೆ ಇನ್ನೊಂದು ಬಗೆಯ ಕಾರ್ಡ್ ಇದೆ. ಅದರ ಮೇಲೆ ಸ್ವಿಚ್ ಎಂಬ ಚಿಪ್ ಇರುತ್ತದೆ. ಪಿಎಲ್‌ಎಕ್ಸ್, ಎಎಸ್‌ಮೀಡಿಯಾ ಕಂಪನಿಗಳ ಹೆಸರು ಈ ಚಿಪ್ಪುಗಳ ಮೇಲೆ ಕಾಣುತ್ತದೆ. ಪೋರ್ಟು ಈ ಸ್ವಿಚ್ ಒಂದರ ಜೊತೆಗೇ ಮಾತನಾಡುತ್ತದೆ, ಸ್ವಿಚ್ಚು ನಾಲ್ಕು ಡ್ರೈವುಗಳ ಜೊತೆ ಮಾತನಾಡುತ್ತದೆ. ಬಯಾಸಿನಲ್ಲಿ ಏನೂ ಬದಲಿಸಬೇಕಿಲ್ಲ. ಬೆಲೆ ಮಾತ್ರ ಹಲವು ಪಟ್ಟು, ಶಾಖವೂ ಹೆಚ್ಚು. ವಿದ್ಯಾರ್ಥಿಗೆ ಇದನ್ನು ನಾನು ಹೇಳಲಾರೆ. ಆ ಹಣದಲ್ಲಿ ದೊಡ್ಡ ಸಾಮರ್ಥ್ಯದ ಒಂದೇ ಡ್ರೈವ್ ಕೊಳ್ಳುವುದು ಎಷ್ಟೋ ವೇಳೆ ಮೇಲು.

ವಿದ್ಯುತ್ತಿನ ಲೆಕ್ಕವೂ ಇದೆ. ಎಂ.2 ಡ್ರೈವ್ ನಡೆಯುವುದು 3.3 ವೋಲ್ಟಿನಲ್ಲಿ. ನಿಯಮದ ಪ್ರಕಾರ ಸ್ಲಾಟು 3.3 ವೋಲ್ಟಿನಲ್ಲಿ ಕೊಡುವುದು 3 ಆಂಪಿಯರ್, ಅಂದರೆ 10 ವ್ಯಾಟಿಗೂ ತುಸು ಕಡಿಮೆ. ಜೋರಾಗಿ ಬರೆಯುವಾಗ ಒಂದು ಡ್ರೈವೇ ಆರೇಳು ವ್ಯಾಟ್ ಎಳೆಯಬಹುದು. ನಾಲ್ಕಕ್ಕೆ ಎಲ್ಲಿ ಸಾಕು? ಒಳ್ಳೆಯ ಕಾರ್ಡು ಸ್ಲಾಟಿನ 12 ವೋಲ್ಟನ್ನು ತೆಗೆದುಕೊಂಡು ತಾನೇ 3.3ಕ್ಕೆ ಇಳಿಸಿಕೊಳ್ಳುತ್ತದೆ. ಈ ಪರಿವರ್ತಕ ಇಲ್ಲದ ಕಾರ್ಡಿನಲ್ಲಿ ಡ್ರೈವ್ ಕಾಣುತ್ತದೆ, ಕೆಲಸ ಹೆಚ್ಚಾದಾಗ ಮಾಯವಾಗುತ್ತದೆ. ಇನ್ನು ನಮ್ಮ ಬೇಸಿಗೆ. ಹೊರಗೆ 40 ಡಿಗ್ರಿ ದಾಟಿದ ದಿನ ಪೆಟ್ಟಿಗೆಯ ಒಳಗೆ ಅದಕ್ಕಿಂತ ಹೆಚ್ಚಿರುತ್ತದೆ. ಡ್ರೈವಿನ ಕಾವು 70-80 ಡಿಗ್ರಿಗೆ ಏರಿದರೆ ಅದು ತಾನಾಗಿಯೇ ವೇಗ ತಗ್ಗಿಸುತ್ತದೆ. ಫ್ಯಾನ್ ಮತ್ತು ಲೋಹದ ಹೊದಿಕೆ ಇರುವ ಕಾರ್ಡನ್ನೇ ನೋಡಿ.

ಎಲ್ಲ ಮಾಡಿಯೂ ಕಾಣದಿದ್ದರೆ ಎರಡು ಸಣ್ಣ ಸಂಗತಿ. ಎಂ.2 ಆಕಾರದಲ್ಲಿ ಸಾಟಾ ಡ್ರೈವುಗಳೂ ಬರುತ್ತವೆ. ಅವುಗಳ ಚಿನ್ನದ ಅಂಚಿನಲ್ಲಿ ಸಾಮಾನ್ಯವಾಗಿ ಎರಡು ಕಚ್ಚು, ಎನ್‌ವಿಎಂಇಗೆ ಸಾಮಾನ್ಯವಾಗಿ ಒಂದು. ಸಾಟಾದವು ಈ ಕಾರ್ಡಿನಲ್ಲಿ ನಡೆಯುವುದಿಲ್ಲ. ಎರಡನೆಯದು, ಬಯಾಸಿನಲ್ಲಿ ಕಂಡ ಹೊಸ ಡ್ರೈವ್ ವಿಂಡೋಸಿನಲ್ಲಿ ಕಾಣದಿದ್ದರೆ ಗಾಬರಿಯಾಗಬೇಡಿ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಅದನ್ನು ಇನಿಶಿಯಲೈಸ್ ಮಾಡಿ, ಜಿಪಿಟಿ ಆರಿಸಿ, ಫಾರ್ಮ್ಯಾಟ್ ಮಾಡಬೇಕು. ಮೊದಲೇ ಕಡತಗಳಿರುವ ಡ್ರೈವಿಗೆ ಹೀಗೆ ಮಾಡಬಾರದು, ಇದ್ದದ್ದೆಲ್ಲ ಹೋದೀತು.

ನಾಲ್ಕೂ ಕಂಡ ಮೇಲೆ ಅಂಗಡಿಯವರಿಗೆ ಹೊಸ ಹುರುಪು ಬಂತು: ನಾಲ್ಕನ್ನೂ ಸೇರಿಸಿ ಒಂದೇ ದೊಡ್ಡ ಡ್ರೈವ್ ಮಾಡೋಣ ಎಂದರು. ರೇಡ್ ಸೊನ್ನೆ ಎಂಬ ವಿಧಾನದಲ್ಲಿ ಇದು ಆಗುತ್ತದೆ, ವೇಗವೂ ಏರುತ್ತದೆ. ಆದರೆ ಪ್ರತಿ ಕಡತವೂ ನಾಲ್ಕು ತುಂಡಾಗಿ ನಾಲ್ಕು ಕಡೆ ಇರುತ್ತದೆ. ಒಂದು ಡ್ರೈವ್ ಹೋದರೆ ನಾಲ್ಕರದೂ ಹೋದಂತೆ. ಅವರ ಬಳಿ ಹಲವು ವರ್ಷಗಳ ಜಾತ್ರೆಯ ದೃಶ್ಯಗಳಿದ್ದವು, ಈಗ ಇಲ್ಲದ ಹಿರಿಯರ ಮುಖಗಳಿದ್ದವು. ಅವನ್ನು ಮತ್ತೆ ಚಿತ್ರಿಸುವುದೆಂತು? ಇದೇ ವಿಜಯಪುರದಲ್ಲಿ ನೆಲೆಸಿದ್ದ ಫ.ಗು. ಹಳಕಟ್ಟಿಯವರು ಮನೆಮನೆಯಿಂದ ತಾಳೆಗರಿ ಕೂಡಿಸಿ 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು. ಅಚ್ಚಾದ ಮೇಲೆ ಒಂದು ಗರಿಗೆ ಹುಳು ಬಿದ್ದರೂ ವಚನ ಉಳಿಯಿತು, ಪ್ರತಿಗಳು ಊರೂರಿನಲ್ಲಿದ್ದುದರಿಂದ. ನಾನು ಅವರಿಗೆ ಹೇಳಿದ್ದು ಇಷ್ಟು: ನಾಲ್ಕನ್ನು ಬೇರೆ ಬೇರೆಯಾಗಿಯೇ ಇಡಿ, ಸಂಕಲನಕ್ಕೆ ಬಳಸಿ, ಮೂಲ ದೃಶ್ಯದ ಇನ್ನೊಂದು ಪ್ರತಿ ಸಾಧಾರಣ ಹಾರ್ಡ್ ಡಿಸ್ಕಿನಲ್ಲಿ, ಬೇರೆ ಮನೆಯಲ್ಲಿರಲಿ. ಅವರು ಒಪ್ಪಿದರು, ಪೂರ್ತಿ ಮನಸ್ಸಿನಿಂದಲ್ಲ.

ಇನ್ನೊಂದು ಮಾತು ಬಾಕಿ ಇದೆ. ಬಯಾಸಿನಲ್ಲಿ ಮಾಡಿದ ಬದಲಾವಣೆ ಬಯಾಸ್ ನವೀಕರಿಸಿದಾಗ ಅಳಿಸಿಹೋಗಬಹುದು. ಕೆಲವು ಬೋರ್ಡುಗಳಲ್ಲಿ, ಗುಂಡಿಯಂಥ ಚಿಕ್ಕ ಬ್ಯಾಟರಿ ಸತ್ತು ಕರೆಂಟೂ ಹೋದಾಗ ಅದು ಮರೆತುಹೋಗುತ್ತದೆ. ಮರುದಿನ ನೋಡಿದರೆ ಮೂರು ಡ್ರೈವ್ ಇಲ್ಲ! ಆಗ ಯಾವುದನ್ನೂ ಫಾರ್ಮ್ಯಾಟ್ ಮಾಡಲು ಹೋಗಬೇಡಿ. ಆಯ್ಕೆಯನ್ನು ಮತ್ತೆ 4-4-4-4 ಮಾಡಿದರೆ ಡ್ರೈವುಗಳು, ಒಳಗಿನ ಕಡತಗಳ ಸಮೇತ, ಮತ್ತೆ ಕಾಣುತ್ತವೆ. ಯಾವ ಪುಟದಲ್ಲಿ ಏನು ಬದಲಿಸಿದಿರಿ ಎಂದು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಬಾಗಿಲಿನ ಒಳಮೈಗೆ ಅಂಟಿಸಿ. ಬ್ಯಾಟರಿಯ ಮಾದರಿ ಬಹುತೇಕ ಸಿಆರ್ 2032. ಗಡಿಯಾರ ರಿಪೇರಿಯವರ ಬಳಿಯೂ ಸಿಗುತ್ತದೆ.