ಸಾಫ್ಟ್‌ವೇರ್ ಕೂಡ ಒಂದು ಬಾಡಿಗೆ ಮನೆ

(ಮಹಿಳಾ ವಿಭಾಗದ ಸ್ವಉದ್ಯೋಗ ಕಾರ್ಯಾಗಾರದಲ್ಲಿ ಮಾಡಿದ ಭಾಷಣದ ಬರಹ ರೂಪ)

 

ನಾನು ಕಂಪ್ಯೂಟರ್ ಓದಿದವಳಲ್ಲ. ಡೊಂಬಿವಲಿಯಲ್ಲಿ ಸಾರಿನ ಪುಡಿ, ಚಟ್ನಿಪುಡಿ, ಹಪ್ಪಳ, ಸಂಡಿಗೆ ಮಾಡಿ ಮಾರುವವಳು. ಇವತ್ತಿನ ವಿಷಯ ಬಿಲ್ಲು, ದಾಸ್ತಾನು, ಲೆಕ್ಕ ನೋಡಿಕೊಳ್ಳುವ ಕ್ಲೌಡ್ ಸಾಫ್ಟ್‌ವೇರಿನ ಲೈಸೆನ್ಸ್ ಮತ್ತು ಬೆಲೆ. ಈ ವಿಷಯದಲ್ಲಿ ನನಗಿರುವ ಅರ್ಹತೆ ಒಂದೇ. ಒಮ್ಮೆ ಸರಿಯಾಗಿ ಪೆಟ್ಟು ತಿಂದಿದ್ದೇನೆ.

ಮುಂಬಯಿಯಲ್ಲಿ ಸಂಸಾರ ಮಾಡಿದ ನಮಗೆಲ್ಲ 'ಲೀವ್ ಅಂಡ್ ಲೈಸೆನ್ಸ್' ಗೊತ್ತು. ಹನ್ನೊಂದು ತಿಂಗಳ ಕರಾರು, ಡಿಪಾಸಿಟ್ಟು, ಅವಧಿ ಮುಗಿದರೆ ಹೊಸ ಬಾಡಿಗೆ. ಮನೆ ನಮ್ಮದಲ್ಲ, ಇರಲು ಅನುಮತಿ ಮಾತ್ರ ನಮ್ಮದು. ಸಾಫ್ಟ್‌ವೇರಿನ ಲೈಸೆನ್ಸ್ ಕೂಡ ಅದೇ. ನಾವು ಅದನ್ನು ಕೊಳ್ಳುವುದಿಲ್ಲ, ಬಳಸಲು ಅನುಮತಿ ಪಡೆಯುತ್ತೇವೆ. ಈ ಒಂದು ಮಾತು ಮೊದಲೇ ತಿಳಿದಿದ್ದರೆ ನನಗೆ ಆ ಮೂರು ತಿಂಗಳ ಸಂಕಟ ಬರುತ್ತಿರಲಿಲ್ಲ.

ಮೊದಲು ಬಗೆಗಳನ್ನು ನೋಡೋಣ. ಒಂದು, ಒಮ್ಮೆಗೇ ಹಣ ಕೊಟ್ಟು ಶಾಶ್ವತ ಲೈಸೆನ್ಸ್ ಪಡೆಯುವುದು. ಎಲ್ಲರಿಗೂ ಪರಿಚಿತವಾದ ಟ್ಯಾಲಿ 1986ರಲ್ಲಿ ಶುರುವಾದ, ಬೆಂಗಳೂರಿನ ಕಂಪನಿ. ಅಲ್ಲಿ ಶಾಶ್ವತ ಲೈಸೆನ್ಸೂ ಇದೆ, ಬಾಡಿಗೆಯದೂ ಇದೆ. ಸಿಲ್ವರ್ ಎಂದರೆ ಒಬ್ಬರ ಬಳಕೆಗೆ, ಗೋಲ್ಡ್ ಎಂದರೆ ಹಲವರಿಗೆ. ಶಾಶ್ವತವಾದರೂ ಹೊಸ ಆವೃತ್ತಿ ಬೇಕೆಂದರೆ ಸೇವಾ ಶುಲ್ಕವನ್ನು ನವೀಕರಿಸುತ್ತಿರಬೇಕು. ಸ್ವಂತ ಫ್ಲ್ಯಾಟಿದ್ದರೂ ಸೊಸೈಟಿಗೆ ಮೆಂಟೆನೆನ್ಸ್ ಕಟ್ಟುವಂತೆ ಅನ್ನಿ.

ಎರಡು, ತಿಂಗಳ ಅಥವಾ ವರ್ಷದ ಚಂದಾ. ಕ್ಲೌಡಿನಲ್ಲಿ ಹೆಚ್ಚಿನವು ಇವೇ. ಇಲ್ಲಿ ಕೇಳಬೇಕಾದ ಪ್ರಶ್ನೆ "ತಿಂಗಳಿಗೆ ಎಷ್ಟು?" ಅಲ್ಲ, "ಯಾವುದನ್ನು ಎಣಿಸುತ್ತೀರಿ?" ಎಂಬುದು. ಕೆಲವರು ತಲೆ ಎಣಿಸುತ್ತಾರೆ, ಕೆಲವರು ಬಿಲ್ಲುಗಳನ್ನು, ಕೆಲವರು ಗೋದಾಮುಗಳನ್ನು. ತಲೆ ಎಣಿಸುವುದರಲ್ಲೂ ವ್ಯತ್ಯಾಸವಿದೆ. ಚೆನ್ನೈನ ಜೋಹೋ ಕಂಪನಿಯ 'ಜೋಹೋ ಒನ್'ನಲ್ಲಿ ಎರಡು ದಾರಿ. ಎಲ್ಲ ನೌಕರರಿಗೂ ಲೈಸೆನ್ಸ್ ತೆಗೆದುಕೊಂಡರೆ ತಲೆಗೆ ಕಡಿಮೆ ದರ, ಬೇಕಾದ ಕೆಲವರಿಗೆ ಮಾತ್ರ ಸಾಕೆಂದರೆ ತಲೆಗೆ ಹೆಚ್ಚು. ಹತ್ತು ಜನ ಹಪ್ಪಳ ಒತ್ತುವಲ್ಲಿ ಕಂಪ್ಯೂಟರ್ ಮುಟ್ಟುವವರು ಇಬ್ಬರೇ ಆಗಿದ್ದರೆ, ಕಡಿಮೆ ದರದ ದಾರಿಯೇ ದುಬಾರಿ ಬೀಳಬಹುದು. ಮೈಕ್ರೋಸಾಫ್ಟ್‌ನ ಬಿಸಿನೆಸ್ ಸೆಂಟ್ರಲ್‌ನಂಥ ದೊಡ್ಡ ವ್ಯವಸ್ಥೆಗಳಲ್ಲಿ, ಮುಖ್ಯವಾಗಿ ನೋಡಲಷ್ಟೇ ಬೇಕಾದವರಿಗೆ ಅಗ್ಗದ ಲೈಸೆನ್ಸ್ ಬೇರೆ ಇರುತ್ತದೆ. ಹಾಗಾಗಿ ಎಲ್ಲರಿಗೂ ಪೂರ್ತಿ ಲೈಸೆನ್ಸ್ ಬೇಕೇ ಎಂದು ಕೇಳಿ.

ಮೂರು, ಮುಕ್ತ ತಂತ್ರಾಂಶ. ನಮ್ಮ ಮುಂಬಯಿಯಲ್ಲೇ ಹುಟ್ಟಿದ 'ಇಆರ್‌ಪಿ ನೆಕ್ಸ್ಟ್'ಗೆ ಲೈಸೆನ್ಸ್ ಶುಲ್ಕವೇ ಇಲ್ಲ. ಆದರೆ ಅದನ್ನು ಇಡಲು ಸರ್ವರ್ ಬಾಡಿಗೆ, ಹೊಂದಿಸಿ ಕೊಡುವವರ ಕೂಲಿ, ಕೆಟ್ಟರೆ ರಿಪೇರಿ, ಇವು ನಮ್ಮವೇ. ನಿವೇಶನ ಬಿಟ್ಟಿ ಸಿಕ್ಕರೂ ಮನೆ ಕಟ್ಟುವ ಖರ್ಚು ತಪ್ಪುವುದಿಲ್ಲವಲ್ಲ! ನಾಲ್ಕನೆಯದು ಸಣ್ಣ ವ್ಯಾಪಾರಕ್ಕೆ ಸಿಗುವ ಉಚಿತ ಪ್ಲಾನ್. ಶುರುಮಾಡಲು ಒಳ್ಳೆಯದೇ. ಯಾವ ಮಿತಿ ದಾಟಿದರೆ ಹಣ ಶುರುವಾಗುತ್ತದೆ ಎಂದು ಮೊದಲೇ ಓದಿಕೊಳ್ಳಿ.

ಈಗ ನನ್ನ ಕಥೆ. ಬೆಂಗಳೂರು, ಹೈದರಾಬಾದ್ ಅಂಗಡಿಗಳಿಂದ ಆರ್ಡರ್ ಬಂದಾಗ ನಾನು ಜಿಎಸ್‌ಟಿ ನೋಂದಣಿ ಮಾಡಿಸಿದೆ. ನಮ್ಮಂಥ ಸರಕನ್ನು ಹೊರರಾಜ್ಯಕ್ಕೆ ಮಾರುವುದಾದರೆ ವಹಿವಾಟು ಎಷ್ಟೇ ಚಿಕ್ಕದಿರಲಿ, ನೋಂದಣಿ ಬೇಕೇ ಬೇಕು. ಬಿಲ್ಲಿಗೆಂದು ಮಗ ಒಂದು ಕ್ಲೌಡ್ ಸಾಫ್ಟ್‌ವೇರ್ ಹಾಕಿಕೊಟ್ಟ. ಜಾಹೀರಾತಿನಲ್ಲಿ ತಿಂಗಳಿಗೆ 375 ರೂಪಾಯಿ ಅಂತಿತ್ತು. ಪರವಾಗಿಲ್ಲ, ಎರಡು ಕಿಲೋ ಚಟ್ನಿಪುಡಿಯ ಲಾಭ ಅಂದುಕೊಂಡೆ.

ಆ 375 ಒಬ್ಬರಿಗೆ, ಅದೂ ಮೊದಲ ವರ್ಷದ ಅರ್ಧ ಬೆಲೆ. ನಾನು, ಪ್ಯಾಕಿಂಗ್ ನೋಡುವಾಕೆ, ಮಾಲು ಮುಟ್ಟಿಸುವ ಹುಡುಗ, ಲೆಕ್ಕ ನೋಡುವವರು, ಹೀಗೆ ನಾಲ್ಕು ಲೈಸೆನ್ಸ್ ತೆಗೆದುಕೊಂಡಿದ್ದೆವು. ಮೊದಲ ವರ್ಷ 18,000, ಅದರ ಮೇಲೆ ಶೇಕಡಾ 18 ಜಿಎಸ್‌ಟಿ ಸೇರಿ 21,240. ಎರಡನೆಯ ವರ್ಷದಿಂದ ಪೂರ್ತಿ ದರ 750, ನಾಲ್ವರಿಗೆ ವರ್ಷಕ್ಕೆ 36,000, ತೆರಿಗೆ ಸೇರಿ 42,480. ಮೂರು ವರ್ಷಕ್ಕೆ ಕೂಡಿಸಿ ನೋಡಿ, 1,06,200! ಸಾಮಾನ್ಯ ನೋಂದಣಿ ಇದ್ದವರಿಗೆ ಆ ತೆರಿಗೆಯ ಭಾಗ ಕ್ರೆಡಿಟ್ಟಾಗಿ ಸಿಗುತ್ತದೆ. ಕಾಂಪೋಸಿಷನ್‌ನಲ್ಲಿ ಇರುವವರಿಗೆ ಅದೂ ಇಲ್ಲ.

ಹಣ ಹೋಗಲಿ. ದೊಡ್ಡ ತಪ್ಪು ಬೇರೆಯೇ ಇತ್ತು. ವ್ಯಾಪಾರ ನನ್ನ ಹೆಸರಿನಲ್ಲಿ, ಪ್ಯಾನ್ ನನ್ನದು, ಜಿಎಸ್‌ಟಿ ನನ್ನದು. ಸಾಫ್ಟ್‌ವೇರಿನ ಖಾತೆ ಮಾತ್ರ ಮಗನ ಕಾಲೇಜಿನ ಇಮೇಲಿನಲ್ಲಿ. ಹಣ ಕಟ್ಟಿದ ಕಾರ್ಡೂ ಅವನದೇ. ಅವನು ಓದಲು ಜರ್ಮನಿಗೆ ಹೋದ. ಕಾಲೇಜಿನ ಇಮೇಲ್ ಮುಚ್ಚಿತು, ಇಲ್ಲಿನ ಸಿಮ್ ನಿಂತಿತು. ಇಂಥ ಚಂದಾ 15,000 ದಾಟಿದರೆ ಕಾರ್ಡಿನಿಂದ ತಾನಾಗಿ ಕಡಿತವಾಗುವುದಿಲ್ಲ, ಪ್ರತಿ ಸಲವೂ ಓಟಿಪಿ ಕೊಡಬೇಕು. ಆ ಓಟಿಪಿ ಯಾರಿಗೂ ತಲುಪಲಿಲ್ಲ. ನವೀಕರಣ ಆಗಲಿಲ್ಲ.

ಲಾಗಿನ್ ನಿಂತಾಗ ನವರಾತ್ರಿಯ ಗಡಿಬಿಡಿ. ಕೈಬಿಲ್ಲು ಬರೆದು ದಿನ ದೂಡಿದೆ. ಕೊನೆಗೆ ಫೋನು ಮಾಡಿ, "ಹಣ ಈಗಲೇ ಕಟ್ಟುತ್ತೇನೆ" ಎಂದರೆ, "ಖಾತೆಯ ಒಡೆಯರು ನೀವಲ್ಲ ಮೇಡಂ" ಎಂಬ ಉತ್ತರ. ಕಾಗದಪತ್ರ ಕಳಿಸಿ, ಒಬ್ಬರಿಂದ ಇನ್ನೊಬ್ಬರಿಗೆ ದಾಟುವಷ್ಟರಲ್ಲಿ ಕರಾರಿನಲ್ಲಿದ್ದ 90 ದಿನ ಮುಗಿಯಿತು. ಡೇಟಾ ಅಳಿಸಿಹೋಯಿತು. ಅವರನ್ನು ದೂರುವಂತಿರಲಿಲ್ಲ. ಎಲ್ಲವೂ ಕರಾರಿನಲ್ಲಿ ಬರೆದಿತ್ತು, ನಾವು ಓದಿರಲಿಲ್ಲ.

ಅದೇ ವಾರ ಹಿಂದಿನ ವರ್ಷದ ಮಾರಾಟದಲ್ಲಿ ವ್ಯತ್ಯಾಸವಿದೆ ಎಂದು ಜಿಎಸ್‌ಟಿ ನೋಟಿಸು ಬಂತು. ನೆನಪಿಡಿ, ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಲೆಕ್ಕಪತ್ರ ಉಳಿಸಿಕೊಳ್ಳಬೇಕು ಎಂಬುದು ಕಾನೂನು. ಚಂದಾ ಮುಗಿದರೂ ಆ ಹೊಣೆ ಮುಗಿಯುವುದಿಲ್ಲ.

ಅಂಗಡಿಗಳಿಗೆ ಕೊಟ್ಟ ಬಿಲ್ಲುಗಳ ವಿವರ ಜಿಎಸ್‌ಟಿ ಪೋರ್ಟಲಿನಲ್ಲಿದ್ದ ಹಳೆಯ ರಿಟರ್ನಿನಲ್ಲಿ ಸಿಕ್ಕಿತು. ಮನೆಮನೆಗೆ ಮಾರಿದ್ದು ಅಲ್ಲಿ ಒಟ್ಟು ಮೊತ್ತವಾಗಿ ಮಾತ್ರ ಇತ್ತು. ಆಗ ನಮ್ಮ ಅತ್ತೆ ಕಪಾಟಿನಿಂದ ಕಿರ್ದಿ ಪುಸ್ತಕ ತೆಗೆದರು. ಸಾಫ್ಟ್‌ವೇರ್ ಬಂದ ಮೇಲೂ ಅವರು ದಿನಾ ರಾತ್ರಿ ಕನ್ನಡದಲ್ಲಿ ಬರೆಯುವುದನ್ನು ನಿಲ್ಲಿಸಿರಲಿಲ್ಲ. ನಾನೇ ಎಷ್ಟೋ ಸಲ ನಕ್ಕಿದ್ದೆ. ಅವರು ಓದುತ್ತಾ ಹೋದರು, ನಾನು ಎಕ್ಸೆಲ್‌ನಲ್ಲಿ ತುಂಬುತ್ತಾ ಹೋದೆ. ಹನ್ನೆರಡು ರಾತ್ರಿ! ಅಂಗಡಿಯೊಂದು ವಾಪಸು ಕಳಿಸಿದ ಮಾಲಿನ ಕ್ರೆಡಿಟ್ ನೋಟ್ ಬಿಟ್ಟುಹೋಗಿತ್ತು, ವ್ಯತ್ಯಾಸ ಅಷ್ಟೇ. ಗಡುವಿನೊಳಗೆ ಉತ್ತರ ಕೊಟ್ಟೆವು.

ಈಗ ಇನ್ನೊಂದು ಕ್ಲೌಡ್ ಸಾಫ್ಟ್‌ವೇರೇ ಬಳಸುತ್ತಿದ್ದೇನೆ. ಕ್ಲೌಡ್ ಬೇಡ ಎನ್ನಲು ನಾನು ಬಂದಿಲ್ಲ. ಪುಣೆಯ ಅಂಗಡಿಯಲ್ಲಿ ನಿಂತು ಮೊಬೈಲಿನಲ್ಲೇ ಬಿಲ್ ಮಾಡುವ ಸುಖ ಬಿಡಲು ನಾನೂ ಸಿದ್ಧಳಿಲ್ಲ. ಆದರೆ ಈ ಸಲ ಕರಾರು ಓದಿದೆ. ಖಾತೆ ನನ್ನ ಇಮೇಲಿನಲ್ಲಿ, ಓಟಿಪಿ ನನ್ನ ಫೋನಿಗೆ. ಲೈಸೆನ್ಸ್ ನಾಲ್ಕರ ಬದಲು ಎರಡೇ. ಹಾಗೆಂದು ಒಂದೇ ಪಾಸ್‌ವರ್ಡನ್ನು ನಾಲ್ಕು ಜನ ಹಂಚಿಕೊಳ್ಳಬೇಡಿ. ಅದು ಸಾಮಾನ್ಯವಾಗಿ ಕರಾರಿಗೆ ವಿರುದ್ಧ, ಮೇಲಾಗಿ ಬಿಲ್ ತಿದ್ದಿದವರು ಯಾರೆಂದೇ ತಿಳಿಯುವುದಿಲ್ಲ. ಪ್ಯಾಕಿಂಗ್ ಲೆಕ್ಕ ವಾಟ್ಸ್‌ಆಪಿನಲ್ಲಿ ನನಗೆ ಬರುತ್ತದೆ, ನಾನೇ ತುಂಬುತ್ತೇನೆ.

ಕೊಳ್ಳುವ ಮೊದಲು ನಾಲ್ಕು ಪ್ರಶ್ನೆಗಳನ್ನು ಇಮೇಲಿನಲ್ಲಿ ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ. ಎರಡನೆಯ ವರ್ಷದ ದರವೆಷ್ಟು? ಒಬ್ಬರು ಹೆಚ್ಚಾದರೆ ಎಷ್ಟು, ನಡುವೆ ಕಡಿಮೆ ಮಾಡಬಹುದೇ? ಬಿಟ್ಟುಹೋಗುವಾಗ ಎಲ್ಲ ಬಿಲ್ಲುಗಳನ್ನು ಒಟ್ಟಿಗೆ ಎಕ್ಸೆಲ್‌ನಲ್ಲಿ ಪಡೆಯಬಹುದೇ? ಚಂದಾ ನಿಂತ ಮೇಲೆ ಎಷ್ಟು ದಿನ ಡೇಟಾ ಇರುತ್ತದೆ? ಬಾಡಿಗೆ ಮನೆಗೆ ಹೋಗುವಾಗಲೇ ಖಾಲಿ ಮಾಡುವ ಮಾತು ಆಡಿಕೊಳ್ಳುವುದಿಲ್ಲವೇ, ಇದೂ ಹಾಗೆಯೇ.

ನಮ್ಮಲ್ಲಿ ಎಷ್ಟೋ ಜನರ ದುಡಿಮೆಯ ಕೀಲಿಕೈ ಗಂಡನ ಫೋನಿನಲ್ಲೋ ಮಗನ ಇಮೇಲಿನಲ್ಲೋ ಇದೆ. ಅವರು ಪ್ರೀತಿಯಿಂದಲೇ ಮಾಡಿಕೊಟ್ಟಿರುತ್ತಾರೆ, ನನ್ನ ಮಗನೂ ಹಾಗೆಯೇ. ಆದರೂ ಇವತ್ತು ಮನೆಗೆ ಹೋದ ಮೇಲೆ ಚಹಾ ಇಡುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಸಾಫ್ಟ್‌ವೇರ್ ತೆರೆದು, ಒಡೆಯರ ಹೆಸರಿನ ಜಾಗದಲ್ಲಿ ಯಾರ ಹೆಸರಿದೆ ನೋಡಿ. ನಿಮ್ಮದಿಲ್ಲದಿದ್ದರೆ ಇವತ್ತೇ ಬದಲಾಯಿಸಿ. ನಂತರ ಈ ವರ್ಷದ ಬಿಲ್ಲುಗಳನ್ನು ಇಳಿಸಿ ಒಂದು ಪೆನ್‌ಡ್ರೈವಿನಲ್ಲಿ ಇಡಿ.

ನನ್ನ ಪೆನ್‌ಡ್ರೈವ್ ಎಲ್ಲಿದೆ ಗೊತ್ತೇ? ಅತ್ತೆಯ ಕಿರ್ದಿ ಪುಸ್ತಕದ ಪಕ್ಕದಲ್ಲಿ. ಕಪಾಟಿನ ಕೀಲಿ ಈಗಲೂ ಅವರ ಹತ್ತಿರವೇ.