ನೋಟಿನ ಹಿಂಬದಿಯ ನಾಲ್ಕನೆಯ ಸಾಲು

(ಸಂಘದ ಕೂಟದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಭಾಷಣಕಾರರು ಕದಂಬರಿಂದ ಹೊರಟು, ವಿಜಯನಗರದಲ್ಲಿ ಒಂದು ಗಳಿಗೆ ತಂಗಿ, ಊಟದ ಹೊತ್ತಿಗೆ ಏಕೀಕರಣಕ್ಕೆ ಬಂದು ಮುಟ್ಟುವುದು ವಾಡಿಕೆ. ಅಷ್ಟು ದೂರದ ಪ್ರಯಾಣ ನಮ್ಮಿಂದಾಗದು. ಡೊಂಬಿವಲಿಯಿಂದ ಫೋರ್ಟಿಗೆ ದಿನಾಲೂ ನಿಂತುಕೊಂಡೇ ಹೋಗಿ, ನಿಂತುಕೊಂಡೇ ಬರುವ ಗುಮಾಸ್ತರು ನಾವು. ಬಿ.ಕಾಂ. ಮುಗಿಸಿ, ಪರೀಕ್ಷೆ ಬರೆದು, ಒಂದು ಬ್ಯಾಂಕಿನ ಕಿಟಕಿಯ ಹಿಂದೆ ಕುಳಿತು ಹನ್ನೆರಡು ವರುಷಗಳಾದವು. 'ನಾವು' ಎನ್ನುವುದನ್ನು ಕೇಳಿ ಇವನಿಗೆ ಸೊಕ್ಕು ಎಂದು ದಯವಿಟ್ಟು ತಿಳಿಯಬೇಡಿ. ಬ್ಯಾಂಕಿನಲ್ಲಿ 'ನಾನು' ಎಂಬ ಪದವೇ ಇಲ್ಲ. ಕೆಲಸ ಸರಿಹೋದರೆ 'ನಾವು ಮಾಡಿಕೊಟ್ಟೆವು'. ಕೆಟ್ಟರೆ 'ಸಿಸ್ಟಂ ಮಾಡಿತು.'

ನಿಮ್ಮಲ್ಲಿ ಯಾರ ಬಳಿಯಾದರೂ ಹತ್ತು ರೂಪಾಯಿಯ ನೋಟಿದ್ದರೆ ಹೊರಗೆ ತೆಗೆಯಬೇಕು. ಹೆದರಬೇಡಿ, ಕಟ್ಟಡ ನಿಧಿಗಲ್ಲ. ತಿರುಗಿಸಿ ನೋಡಿ. ಹಿಂಬದಿಯ ಪಟ್ಟಿಯಲ್ಲಿ 15 ಭಾಷೆಗಳಲ್ಲಿ ಮೊತ್ತವನ್ನು ಬರೆದಿದೆ. ಅಸ್ಸಾಮಿ, ಬಂಗಾಳಿ, ಗುಜರಾತಿ. ನಾಲ್ಕನೆಯ ಸಾಲು ನಮ್ಮ ಕನ್ನಡ. ಮರಾಠಿ ಎಂಟನೆಯದು. ಇದನ್ನು ಕಂಡು ಬೀಗಬೇಕಾದ್ದಿಲ್ಲ. ಯಾರೂ ಚಳವಳಿ ಮಾಡಿ ಗಳಿಸಿದ ಸ್ಥಾನವಲ್ಲ, ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಿಂದ ಬಂದದ್ದು. ಆದರೂ ನಮ್ಮ ಹಿರಿಯರು ಈ ಊರಿಗೆ ಬಂದ ಕಾಲದಿಂದ ಆ ಸಾಲು ನಮ್ಮ ಜೇಬಿನಲ್ಲಿತ್ತು. ಓದಿದವರು ಎಷ್ಟು ಮಂದಿಯೋ, ಹೊತ್ತವರು ಮಾತ್ರ ಎಲ್ಲರೂ.

ಈಗ ಸಭೆಯಲ್ಲಿ ಮೇಲೆದ್ದ ನೋಟುಗಳನ್ನು ಎಣಿಸಿದರೆ ಏಳೆಂಟು. ಉಳಿದವರು ಮೊಬೈಲು ತೋರಿಸಿ ನಗುತ್ತಿದ್ದೀರಿ. 2016ರಲ್ಲಿ ಯುಪಿಐ ಬಂತು. ಅದೇ ವರುಷದ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ಹಳೆಯ ನೋಟುಗಳು ರದ್ದಾದವು. ಮರುವಾರವೆಲ್ಲ ಕಿಟಕಿಯ ಆಚೆ ನೀವು ನಿಂತಿರಿ, ಈಚೆ ನಾವು ಬೆವತೆವು. ಆಗ ಹುಟ್ಟಿದ ಎರಡು ಸಾವಿರದ ನೋಟು ಕೂಡ 2023ರ ಮೇ ತಿಂಗಳಲ್ಲಿ ಹಿಂದಕ್ಕೆ ಸರಿಯಿತು. ವಡಾಪಾವಿನವನ ಗಾಡಿಯಲ್ಲಿ ಚಿಲ್ಲರೆಯ ಡಬ್ಬಿ ಹೋಗಿ ಮಾತಾಡುವ ಡಬ್ಬಿ ಬಂದಿದೆ. ಒಳ್ಳೆಯದೇ ಆಯಿತು, ಹರಿದ ನೋಟಿಗಾಗಿ ಜಗಳ ತಪ್ಪಿತು. ಆದರೆ ನೋಟಿನ ಜತೆಗೆ ಆ ನಾಲ್ಕನೆಯ ಸಾಲೂ ಜೇಬಿನಿಂದ ಹೊರಟುಹೋಗುತ್ತಿದೆ.

ಬ್ಯಾಂಕು ಎಂಬುದು ಒಂದು ಕಾಲಕ್ಕೆ ನಮ್ಮವರ ಭಾಷೆಯಲ್ಲೇ ಮಾತಾಡುತ್ತಿತ್ತು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ, ಉಡುಪಿಯಲ್ಲಿ ಕಾರ್ಪೊರೇಶನ್, 1924ರಲ್ಲಿ ಮಂಗಳೂರಿನಲ್ಲೇ ಕರ್ಣಾಟಕ ಬ್ಯಾಂಕು, ಮರುವರುಷ ಉಡುಪಿಯಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಅಷ್ಟು ಚಿಕ್ಕ ಕರಾವಳಿಯಲ್ಲಿ ಇಷ್ಟು ಬ್ಯಾಂಕುಗಳು ಮೊಳೆತದ್ದು ದೇಶಕ್ಕೇ ಸೋಜಿಗ. ಸಿಂಡಿಕೇಟಿನವರು 1928ರಲ್ಲಿ 'ಪಿಗ್ಮಿ' ಎಂಬ ಯೋಜನೆ ತಂದರು. ಏಜೆಂಟನು ಮನೆಬಾಗಿಲಿಗೆ ಬಂದು ಎರಡಾಣೆಯನ್ನಾದರೂ ಸಂತೋಷದಿಂದ ಇಸಕೊಂಡು ಹೋಗುತ್ತಿದ್ದ. ಆ ಕಾಲದ ತಂತ್ರಜ್ಞಾನ ಅದು: ಒಂದು ಸೈಕಲ್ಲು, ಒಂದು ಚೀಲ, ಮನೆಯವರ ಮಾತು ಬಲ್ಲ ಒಂದು ಬಾಯಿ.

2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬರೋಡಾ ಬ್ಯಾಂಕಿನೊಳಗೆ ಸೇರಿತು. ಮರುವರುಷ ಅದೇ ದಿನ ಸಿಂಡಿಕೇಟು ಕೆನರಾದಲ್ಲಿಯೂ ಕಾರ್ಪೊರೇಶನ್ನು ಯೂನಿಯನ್ ಬ್ಯಾಂಕಿನಲ್ಲಿಯೂ ಲೀನವಾದವು. ಎರಡು ಸಲವೂ ಏಪ್ರಿಲ್ 1 ಏಕೆ ಎಂದು ಕೇಳಿದ ಹಿರಿಯರಿಗೆ, ಅದು ಹಣಕಾಸಿನ ವರುಷದ ಮೊದಲ ದಿನ, ಮೂರ್ಖರ ದಿನವೆಂದಲ್ಲ ಎಂದು ಸಮಾಧಾನ ಹೇಳಿದೆವು. ಠೇವಣಿಗೆ ಧಕ್ಕೆಯಾಗಲಿಲ್ಲ. ಬದಲಾದದ್ದು ಫಲಕ, ಚೆಕ್ಕುಪುಸ್ತಕ, ಐಎಫ್ಎಸ್‌ಸಿ ಸಂಖ್ಯೆ. ಆದರೆ 'ನಮ್ಮೂರಿನ ಬ್ಯಾಂಕು' ಎಂದು ಮುಂಬಯಿಯಲ್ಲಿ ಬೆರಳು ತೋರಿಸುತ್ತಿದ್ದ ಮೂರು ಹೆಸರುಗಳು ಗೋಡೆಯಿಂದ ಇಳಿದವು.

ಇನ್ನು ರಾಜಕೀಯಕ್ಕೆ ಬರೋಣ. ಅದಿಲ್ಲದೆ ಚಹಾ ರುಚಿಸುವುದಿಲ್ಲ. 2025 ಕಿಟಕಿಯ ಹಿಂದೆ ಕುಳಿತವರಿಗೆ ಸುಖದ ವರುಷವಲ್ಲ. ಯುಗಾದಿಯ ಹೊತ್ತಿಗೆ ಇಲ್ಲಿ ಬ್ಯಾಂಕುಗಳು ಮರಾಠಿಯಲ್ಲಿ ವ್ಯವಹರಿಸಬೇಕೆಂದು ಒಂದು ಪಕ್ಷದವರು ಶಾಖೆಶಾಖೆಗೆ ಹೋಗಿ ವಿಚಾರಿಸಿದರು. ಏಪ್ರಿಲಿನಲ್ಲಿ ಒಂದನೆಯ ತರಗತಿಯಿಂದಲೇ ಹಿಂದಿ ಎಂಬ ಆಜ್ಞೆ ಹೊರಟಿತು; ಗದ್ದಲವಾಗಿ ಜೂನ್ 29ರಂದು ಅದು ಹಿಂದೆ ಹೋಯಿತು. ನಡುವೆ ಮೇ ತಿಂಗಳಲ್ಲಿ ಬೆಂಗಳೂರಿನ ಹೊರವಲಯದ ಒಂದು ಶಾಖೆಯಲ್ಲಿ ಅಧಿಕಾರಿಯೊಬ್ಬರು ಕನ್ನಡ ಮಾತಾಡುವುದಿಲ್ಲವೆಂದ ವಿಡಿಯೊ ದೇಶವೆಲ್ಲ ಓಡಾಡಿ, ಅವರಿಗೆ ವರ್ಗವಾಯಿತು.

ನಮ್ಮ ಲೋಕಲ್ ಗಾಡಿಯ ಕನ್ನಡ ಮಿತ್ರರ ಗುಂಪಿನಲ್ಲಿ ಏನಾಯಿತೆನ್ನುತ್ತೀರಿ? ಏಪ್ರಿಲಿನಲ್ಲಿ ಎಲ್ಲರೂ 'ಇದೇನು ದಬ್ಬಾಳಿಕೆ! ಭಾಷೆಗಾಗಿ ಹೀಗೆ ಹೆದರಿಸುವುದೆ?' ಎಂದರು. ಮೇ ತಿಂಗಳಲ್ಲಿ ಅದೇ ಗಾಡಿ, ಅದೇ ಡಬ್ಬಿ, ಅದೇ ಮಿತ್ರರು 'ಸರಿಯಾಗಿ ಆಯಿತು! ನೆಲದ ಭಾಷೆ ಕಲಿಯಬಾರದೆ?' ಎಂದರು. ಠಾಣೆ ನಿಲ್ದಾಣ ಬರುವಷ್ಟರಲ್ಲಿ ಧರ್ಮ ಬದಲಾಯಿತು. ನಾವೂ ಎರಡು ಸಲವೂ ತಲೆಯಾಡಿಸಿದವರೇ.

ತಕ್ಕಡಿ ಒಂದೇ ಇರಬೇಕಲ್ಲವೆ? ಯಾರನ್ನಾದರೂ ಹೆದರಿಸಿ ಭಾಷೆ ಕಲಿಸುವುದು ಎರಡೂ ಊರುಗಳಲ್ಲಿ ತಪ್ಪು. ಕಿಟಕಿಯ ಆಚೆ ನಿಂತವನಿಗೆ ತಿಳಿಯುವಂತೆ ಹೇಳುವುದು ಎರಡೂ ಊರುಗಳಲ್ಲಿ ಕರ್ತವ್ಯ. ಗುಮಾಸ್ತರ ನೇಮಕಕ್ಕೆ ಆಯಾ ರಾಜ್ಯದ ಭಾಷೆ ಬರಬೇಕೆಂಬ ನಿಯಮವುಂಟು. ನಾವು ಇಲ್ಲಿಯೇ ಬೆಳೆದವರಾದ್ದರಿಂದ ನಮಗೆ ಅದು ಕಷ್ಟವಾಗಲಿಲ್ಲ. 'ಕಾಕಾ, ಇಥೇ ಸಹಿ ಕರಾ' ಎಂದು ದಿನಕ್ಕೆ ನೂರು ಸಲ ಹೇಳುತ್ತೇವೆ. ಅದರಿಂದ ನಮ್ಮ ಕನ್ನಡವೇನೂ ಸವೆದಿಲ್ಲ.

ಮರಾಠಿಯವರೊಡನೆ ನಮಗಿರುವುದು ನೆರೆಯ ಸಂಬಂಧ ಮಾತ್ರವಲ್ಲ. ನಮ್ಮ ಅಜ್ಜ 1954ರಲ್ಲಿ ಕುಮಟೆಯಿಂದ ಇಲ್ಲಿಗೆ ಬಂದರು. ಆಗ ಉತ್ತರ ಕನ್ನಡ, ಧಾರವಾಡ, ಬೆಳಗಾವಿ, ಬಿಜಾಪುರ ಜಿಲ್ಲೆಗಳೆಲ್ಲ ಮುಂಬಯಿ ರಾಜ್ಯದಲ್ಲಿದ್ದವು. ಅಜ್ಜ ಪರರಾಜ್ಯಕ್ಕೆ ಬಂದವರಲ್ಲ, ತಮ್ಮ ರಾಜಧಾನಿಗೆ ಬಂದವರು. 1956ರ ಅಕ್ಟೋಬರ್ 31ರ ರಾತ್ರಿ ಸ್ವಂತ ರಾಜ್ಯದಲ್ಲಿ ಮಲಗಿದರು. ಬೆಳಗಾದರೆ ಕುಮಟೆ ಮೈಸೂರು ರಾಜ್ಯಕ್ಕೆ ಸೇರಿತ್ತು, ಅಜ್ಜ ಅದೇ ಚಾಳಿನ ಅದೇ ಚಾಪೆಯ ಮೇಲೆ ಹೊರನಾಡ ಕನ್ನಡಿಗರಾಗಿ ಎದ್ದರು. ಆ ದಿನ ಅವರು ಕುಣಿದಾಡಿ ಪೇಡೆ ಹಂಚಿದರಂತೆ. ಚಾಳಿನ ಮರಾಠಿ ನೆರೆಯವರು ಪೇಡೆ ತಿಂದು, 'ಈಗ ನೀವು ನಮ್ಮ ಅತಿಥಿಗಳು' ಎಂದರಂತೆ. ನಮ್ಮ ಸೀಮೆಯಲ್ಲಿ ತಾಯಿಗೆ 'ಆಯಿ' ಎನ್ನುತ್ತೇವೆ. ಅವರೂ 'ಆಯಿ' ಎನ್ನುತ್ತಾರೆ. ಇದಕ್ಕಿಂತ ದೊಡ್ಡ ಒಪ್ಪಂದ ಯಾವ ಸರಕಾರ ಮಾಡೀತು?

ಆ 'ಆಯಿ'ಯ ವಿಷಯವನ್ನೇ ಈಗ ಹೇಳಬೇಕು. ನಗೆಮಾತು ಇಲ್ಲಿಗೆ ಸಾಕು.

ನಮ್ಮ ಆಯಿ ಕುಮಟೆಯ ಕಡೆ ಏಳನೆಯ ಇಯತ್ತೆಯವರೆಗೆ ಕನ್ನಡ ಶಾಲೆಯಲ್ಲಿ ಓದಿದವಳು. ಮರಾಠಿಯನ್ನು ನೆರೆಹೊರೆಯವರಷ್ಟೇ ಸಲೀಸಾಗಿ ಆಡುತ್ತಾಳೆ. ಓದುವುದು ಕನ್ನಡವನ್ನು ಮಾತ್ರ. ಇಂಗ್ಲಿಷ್ ಅಂಕಿಗಳು ಬರುತ್ತವೆ. ಅಕ್ಷರ ಕೂಡಿಸಿ ಓದಲು ಹೋದರೆ ಅಷ್ಟರಲ್ಲಿ ಮೊಬೈಲಿನ ದೀಪ ಆರುತ್ತದೆ. ಕಳೆದ ವರುಷ ಒಂದು ಮಧ್ಯಾಹ್ನ ಅವಳಿಗೆ ಫೋನು ಬಂತು. 'ಅಮ್ಮಾ, ಬ್ಯಾಂಕಿನಿಂದ ಮಾತಾಡುತ್ತಿದ್ದೇನೆ. ನಿಮ್ಮ ಕೆವೈಸಿ ಮುಗಿದಿದೆ, ಖಾತೆ ಬಂದಾಗುತ್ತದೆ. ಗಾಬರಿ ಬೇಡ, ನಾನು ಸರಿಮಾಡಿ ಕೊಡುತ್ತೇನೆ.' ಎಲ್ಲವೂ ಅಚ್ಚ ಕನ್ನಡದಲ್ಲಿ. ಆಯಿಗೆ ಕಾರ್ಡಿನ ಅಂಕಿಗಳನ್ನು ಓದಿಸಿದ. ಸಂದೇಶದಲ್ಲಿ ಬಂದ ಆರು ಅಂಕಿಗಳನ್ನೂ ಓದಿಸಿದ. ಒಂದು ಸಲ, ಮತ್ತೊಂದು ಸಲ. ಒಟ್ಟು 23,000 ರೂಪಾಯಿ. ಮೊಮ್ಮಗಳಿಗೆ ಬಳೆ ಮಾಡಿಸಲೆಂದು ಕೂಡಿಟ್ಟ ಹಣ.

ಆ ಸಂದೇಶದಲ್ಲಿ ಅಂಕಿಯ ಮುಂದೆಯೇ 'ಇದನ್ನು ಯಾರಿಗೂ ಹೇಳಬೇಡಿ' ಎಂದು ಬರೆದಿತ್ತು. ಇಂಗ್ಲಿಷಿನಲ್ಲಿ ಬರೆದಿತ್ತು. ಆಯಿ ಅಂಕಿಯನ್ನು ಓದಿದಳು, ಎಚ್ಚರಿಕೆಯನ್ನು ಓದಲಿಲ್ಲ. ಅದೇ ಹೊತ್ತಿಗೆ ಅವಳ ಮಗ, ಅಂದರೆ ನಾವು, ಫೋರ್ಟಿನಲ್ಲಿ ಇದೇ ಎಚ್ಚರಿಕೆಯನ್ನು ಮೂರು ಭಾಷೆಗಳಲ್ಲಿ ಅಚ್ಚುಹಾಕಿದ ಭಿತ್ತಿಪತ್ರದ ಕೆಳಗೆ ಕುಳಿತು ಲೆಕ್ಕ ತಾಳೆ ನೋಡುತ್ತಿದ್ದೆವು.

ರಾತ್ರಿ ಊಟ ಬಡಿಸುತ್ತ ಆಯಿ ಸಂತೋಷದಿಂದಲೇ ಹೇಳಿದಳು: 'ತಮಾ, ಬ್ಯಾಂಕಿನಿಂದ ಫೋನು ಬಂದಿತ್ತು. ಎಷ್ಟು ಚೆನ್ನಾಗಿ ಕನ್ನಡ ಮಾತಾಡಿದ! ನಿನ್ನ ಹಾಗೆ ಅವಸರ ಮಾಡಲಿಲ್ಲ.'

ತುತ್ತು ಗಂಟಲಲ್ಲಿ ನಿಂತಿತು. ಕೂಡಲೇ 1930ಕ್ಕೆ ಫೋನು ಮಾಡಿದೆವು. ಸೈಬರ್ ವಂಚನೆಯ ಆ ಸಂಖ್ಯೆಯನ್ನು ಇಲ್ಲಿರುವವರೆಲ್ಲ ಬರೆದಿಟ್ಟುಕೊಳ್ಳಿ. ಎಷ್ಟು ಬೇಗ ಹೇಳಿದರೆ ಅಷ್ಟು ಉಳಿಯುತ್ತದೆ. 8,000 ಎಲ್ಲಿಯೋ ತಡೆಹಿಡಿದು ತಿಂಗಳುಗಳ ಮೇಲೆ ಮರಳಿ ಬಂತು. 15,000 ಹೋಯಿತು. ಗುಟ್ಟಿನ ಸಂಖ್ಯೆಯನ್ನು ಗಿರಾಕಿಯೇ ಹೇಳಿಕೊಟ್ಟರೆ, ದೂರು ಕೊಡುವವರೆಗಿನ ನಷ್ಟ ಗಿರಾಕಿಯದೇ ಎಂದು ರಿಸರ್ವ್ ಬ್ಯಾಂಕು 2017ರಲ್ಲಿ ನಿಯಮ ಮಾಡಿದೆ. ಆ ನಿಯಮವನ್ನು ಕಿಟಕಿಯ ಹಿಂದಿನಿಂದ ಎಷ್ಟೋ ಜನರಿಗೆ ಓದಿಹೇಳಿದ್ದೇವೆ. ಮನೆಯಲ್ಲಿ ಓದಿಹೇಳಿದ್ದು ಅದೇ ಮೊದಲು. ಆಯಿ ಎರಡು ದಿನ ಯಾರೊಡನೆಯೂ ಮಾತಾಡಲಿಲ್ಲ. ಆಮೇಲೆ 'ನಾನು ದಡ್ಡಿ' ಎಂದಳು. ಹಣ ಹೋದದ್ದಕ್ಕಿಂತ ಆ ಮಾತು ನಮಗೆ ಹೆಚ್ಚು ಚುಚ್ಚಿತು. ಜೀವಮಾನವಿಡೀ ನಾಲ್ಕು ಜನರ ಸಂಸಾರವನ್ನು ಎರಡು ಕೋಣೆಯಲ್ಲಿ ಸರಿದೂಗಿಸಿದವಳು ದಡ್ಡಿಯಲ್ಲ.

ಸಿಟ್ಟು ಮೊದಲು ಕಳ್ಳನ ಮೇಲೆ ಬಂತು. ಆಮೇಲೆ ಇಂಗ್ಲಿಷಿನಲ್ಲಿ ಎಚ್ಚರಿಸುವ ಬ್ಯಾಂಕಿನ ಮೇಲೆ ಬಂತು. ನೆಲದ ಭಾಷೆ ಎಂದು ನಾವೇ ಒಪ್ಪಿದ್ದೇವಲ್ಲ, ಅದರಂತೆ ನೋಡಿದರೆ ಮುಂಬಯಿಯಲ್ಲಿ ಬ್ಯಾಂಕು ಹೇಳಬೇಕಾದ್ದು ಮರಾಠಿಯಲ್ಲಿ. ಕನ್ನಡದಲ್ಲಿ ಹೇಳೆಂದು ಹಟ ಹಿಡಿಯಲು ನಮಗೆ ಹಕ್ಕಿಲ್ಲ. ಹಾಗಾದರೆ ಈ ಊರಿನಲ್ಲಿ ಆಯಿಗೆ ಕನ್ನಡದಲ್ಲಿ ಹೇಳಬೇಕಾದ ಸಾಲ ಯಾರ ಹೆಸರಿನಲ್ಲಿದೆ? ಲೆಕ್ಕ ಹಾಕಿ ನೋಡಿದೆವು. ಖಾತೆ ನಮ್ಮದೇ. ಮೊಬೈಲು ಕೊಡಿಸಿದವರು ನಾವು. ಅದರಲ್ಲಿ ಕನ್ನಡವನ್ನು ಆರಿಸುವ ಅನುಕೂಲವಿತ್ತು; ಭೀಮ್ ಮೊದಲಾದ ಆ್ಯಪುಗಳಲ್ಲೂ ಕನ್ನಡವುಂಟು. ಕೆಟ್ಟರೆ ರಿಪೇರಿ ಮಾಡಲು ನಮಗೆ ಸುಲಭವೆಂದು ಇಂಗ್ಲಿಷನ್ನೇ ಒತ್ತಿಕೊಟ್ಟೆವು. ಅವಳು ಏನಾದರೂ ಕೇಳಿದರೆ 'ನಿನಗೆ ತಿಳಿಯುವುದಿಲ್ಲ, ಬಿಡು' ಎಂದೆವು. ಬ್ಯಾಂಕಿನ ವಿಷಯವಾಗಿ ನಾವು ಆಯಿಗೆ ಕನ್ನಡದಲ್ಲಿ ಹೇಳಿದ್ದು ಈ ಒಂದೇ ವಾಕ್ಯ. ಉಳಿದ ವಾಕ್ಯಗಳನ್ನು ಕಳ್ಳ ಬಂದು ಹೇಳಿದ.

ಇನ್ನೊಂದು ಕಡೆ ನಮ್ಮ ಮಗಳು. ವಯಸ್ಸು ಒಂಬತ್ತು. ಇಂಗ್ಲಿಷ್ ಶಾಲೆ, 2020ರ ಕಾಯಿದೆಯಂತೆ ಮರಾಠಿ ಕಡ್ಡಾಯ, ಅದನ್ನು ಚೆನ್ನಾಗಿ ಓದುತ್ತಾಳೆ. ಕನ್ನಡವನ್ನು ಆಡುತ್ತಾಳೆ, ಓದಲಾರಳು. ಹೀಗೆ ನಮ್ಮ ಮನೆಯಲ್ಲಿ ಕನ್ನಡವನ್ನು ಓದುವ ಅಜ್ಜಿಗೆ ಮೊಬೈಲು ತಿಳಿಯದು. ಮೊಬೈಲು ತಿಳಿದ ಮೊಮ್ಮಗಳಿಗೆ ಕನ್ನಡ ಓದಲು ಬಾರದು. ನಡುವೆ ಎರಡೂ ಬಲ್ಲ ಬಿ.ಕಾಂ. ಪದವೀಧರರೊಬ್ಬರಿದ್ದಾರೆ, ಅವರಿಗೆ ಪುರಸೊತ್ತಿಲ್ಲ.

ಆ ಮೇಲೆ ಒಂದು ಭಾನುವಾರ ಆಯಿಯ ಮೊಬೈಲಿಗೆ ಕನ್ನಡ ಹಾಕಿದೆವು. ಮೊಮ್ಮಗಳು ಎಲ್ಲಿ ಒತ್ತಬೇಕೆಂದು ತೋರಿಸುತ್ತಾಳೆ. ಅಲ್ಲಿ ಏನು ಬರೆದಿದೆಯೆಂದು ಅಜ್ಜಿ ಓದಿಹೇಳುತ್ತಾಳೆ. ಬ್ಯಾಂಕಿನ ಇಂಗ್ಲಿಷ್ ಸಂದೇಶ ಬಂದರೆ ಮೊಮ್ಮಗಳು ಓದಿ ಕನ್ನಡದಲ್ಲಿ ಹೇಳುತ್ತಾಳೆ. ಪಾಠಕ್ಕೆ ಹತ್ತು ರೂಪಾಯಿಯ ನೋಟನ್ನೂ ಇಟ್ಟುಕೊಂಡಿದ್ದಾರೆ. ನಾಲ್ಕನೆಯ ಸಾಲಿನ 'ಹತ್ತು' ಎಂಬಲ್ಲಿ ಒತ್ತಕ್ಷರಕ್ಕೆ ಬಂದು ಮಗಳು ಒಂದು ವಾರ ನಿಂತಿದ್ದಳು. ಈಗ ದಾಟಿದ್ದಾಳೆ.

ಆದ್ದರಿಂದ ಸಂಘದ ಕಾರ್ಯಕಾರಿ ಸಮಿತಿಗೆ ನಮ್ಮದೊಂದು ವಿನಂತಿ. ರಾಜ್ಯೋತ್ಸವಕ್ಕೆ ನಾಡಗೀತೆ, ನಾಟಕ, ಹೋಳಿಗೆ ಎಲ್ಲವೂ ಇರಲಿ. ಅದರ ಜತೆಗೆ ತಿಂಗಳಿಗೊಂದು ಭಾನುವಾರ ಒಂದು ತಾಸು ಕೊಡಿ. ಹಿರಿಯರು ತಮ್ಮ ಮೊಬೈಲು ತರಲಿ, ಮಕ್ಕಳು ತಮ್ಮ ಕಣ್ಣು ತರಲಿ. ಅವರು ಇವರಿಗೆ ಅಕ್ಷರ ಕಲಿಸಲಿ, ಇವರು ಅವರಿಗೆ ಗುಂಡಿ ತೋರಿಸಲಿ. ಬ್ಯಾಂಕಿನ ಮಾತನ್ನು ಕನ್ನಡದಲ್ಲಿ ಬಿಡಿಸಿ ಹೇಳಲು ಒಬ್ಬ ಗುಮಾಸ್ತ ಬೇಕೆಂದಾದರೆ, ಪುರಸೊತ್ತಿಲ್ಲವೆಂದು ಇಷ್ಟು ದಿನ ಹೇಳುತ್ತಿದ್ದವರು ಬರುತ್ತಾರೆ. ಭತ್ಯೆ ಬೇಡ, ಚಹಾ ಸಾಕು.

ಸಭೆಯಲ್ಲಿ ನೋಟು ತೆಗೆದವರು ದಯವಿಟ್ಟು ಹಿಂದಕ್ಕೆ ಇಟ್ಟುಕೊಳ್ಳಿ. ಮನೆಗೆ ಹೋದಮೇಲೆ ನಿಮ್ಮ ಮಕ್ಕಳ ಕೈಗೆ ಕೊಟ್ಟು, ನಾಲ್ಕನೆಯ ಸಾಲನ್ನು ಓದಲು ಹೇಳಿ. ಓದಿದರೆ ಹತ್ತು ರೂಪಾಯಿ ಅವರಿಗೇ ಇರಲಿ. ಓದದಿದ್ದರೆ ನಿಮ್ಮ ಪಕ್ಕದಲ್ಲಿ ಕೂಡಿಸಿಕೊಳ್ಳಿ.