ನಕ್ಷೆ ಅಂತಿಮವಾಗುವ ಮೊದಲೇ ಮಾತಾಗಲಿ



ತಂತ್ರಾಂಶ ವಿನ್ಯಾಸಕಾರರ ಈ ವಿಚಾರ ಸಂಕಿರಣವನ್ನು ಸಾಗರದಲ್ಲಿ ನಡೆಸುತ್ತಿರುವುದಕ್ಕೆ ಕಾರಣವಿದೆ. ನಾವು ಕಟ್ಟುವ ವ್ಯವಸ್ಥೆಯ ಫಲ ಉಣ್ಣುವವರು ಇಲ್ಲಿದ್ದಾರೆ. ಅದರ ನಕ್ಷೆ ತೀರ್ಮಾನವಾಗುವಾಗ ಅವರನ್ನು ಕರೆಯುವವರಿಲ್ಲ.

ಪಕ್ಕದ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದರು. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರವೇ ಅಲ್ಲಿ ತಕರಾರಾಗಿತ್ತು. ಎಚ್. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡರು ಮುಂದೆ ನಿಂತರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಅಳತೆಯನ್ನು ನಿಗದಿ ಮಾಡುವವರು ಯಾರು ಎಂಬುದು ಅಂದು ನ್ಯಾಯದ ಪ್ರಶ್ನೆಯಾಗಿತ್ತು. ಇಂದು ಎಷ್ಟೋ ಅಳತೆಗಳು ದತ್ತಾಂಶದ ಕೋಷ್ಟಕಗಳಲ್ಲಿವೆ, ನಿಗದಿ ಮಾಡುವವರು ನಾವಾಗಿದ್ದೇವೆ. ಆ ಹೊಣೆ ಸಣ್ಣದಲ್ಲ.

ಒಳ್ಳೆಯ ಮಾದರಿ ನಮ್ಮ ರಾಜ್ಯದಲ್ಲೇ ಇದೆ. ಜಮೀನು ದಾಖಲೆಗಳ 'ಭೂಮಿ' ತಂತ್ರಾಂಶವನ್ನು ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆ ಎನ್‌ಐಸಿ ಬರೆಯಿತು. ಕಂದಾಯ ಇಲಾಖೆಯ ಕಡೆಯಿಂದ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುನ್ನಡೆಸಿದರು. 2002ರ ಹೊತ್ತಿಗೆ ಸುಮಾರು 2 ಕೋಟಿ ಪಹಣಿಗಳು, ಅಂದರೆ ಜಮೀನಿನ ಹಕ್ಕು-ಬೆಳೆಯ ದಾಖಲೆಗಳು, ಗಣಕಕ್ಕೆ ಬಂದವು. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿ ಆಗಬೇಕೆಂದು ಅದರ ವಿನ್ಯಾಸದಲ್ಲೇ ಬಿಗಿ ಮಾಡಲಾಯಿತು. ಫೈಲು ಯಾವ ಮೇಜಿನಲ್ಲಿ, ಯಾಕೆ ಕೊಳೆಯುತ್ತದೆಂದು ಬಲ್ಲವರು ಮಾತ್ರ ಕೇಳಬಹುದಾದ ನಿಯಮ ಇದು. ಆಡಳಿತ ಬಲ್ಲವರೂ ತಂತ್ರ ಬಲ್ಲವರೂ ಜೊತೆಗೆ ಕೂತರೆ ಏನಾದೀತು ಎಂಬುದಕ್ಕೆ ಅದು ಸಾಕ್ಷಿ.

ಮಲೆನಾಡು ಇನ್ನೂ ಕಠಿಣ ಪ್ರಶ್ನೆ ಇಡುತ್ತದೆ. ಪಹಣಿಯ 9ನೇ ಕಾಲಂನಲ್ಲಿ ಸ್ವಾಧೀನದಾರರ ಹೆಸರು, 11ರಲ್ಲಿ ಹಕ್ಕು ಮತ್ತು ಋಣ, 12ರಲ್ಲಿ ಸಾಗುವಳಿ, ಬೆಳೆ. ಈ ಕಾಲಂಗಳಿಗೆ ಸಲೀಸಾಗಿ ಹೊಂದದ ಸೊಪ್ಪಿನ ಬೆಟ್ಟವನ್ನು ನೋಡಿ: ಜಾಗ ಸರ್ಕಾರದ್ದು, ಸೊಪ್ಪು-ದರಕು ತರುವ ಸವಲತ್ತು ಅಡಿಕೆ ತೋಟದವರದ್ದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದಾಗ ಮನೆ-ಗದ್ದೆ ಮುಳುಗಿ ಹೊರಟ ಎಷ್ಟೋ ಕುಟುಂಬಗಳು ಹೊಸ ಜಾಗದಲ್ಲಿ ತಲೆಮಾರುಗಳಿಂದ ಉಳುತ್ತಿವೆ. ಹಕ್ಕುಪತ್ರ ಮಾತ್ರ ಕೈಗೆ ಬಂದಿಲ್ಲ. ಒಂದು ಸರ್ವೆ ನಂಬರಿಗೆ ಒಬ್ಬನೇ ಒಡೆಯ ಎಂದು ದೂರದಲ್ಲಿ ಕೂತು ಕೋಷ್ಟಕ ಹಾಕಿದರೆ ಇವರೆಲ್ಲ ಪರದೆಯಿಂದ ಮಾಯವಾಗುತ್ತಾರೆ. ಅದು ತಾಂತ್ರಿಕ ದೋಷವೆಂದು ಯಾವ ಪರೀಕ್ಷೆಯಲ್ಲೂ ಕಾಣಿಸುವುದಿಲ್ಲ.

ಸಂಸ್ಥೆಯೊಳಗೆ ಯಾರು ಯಾರೊಡನೆ ಮಾತಾಡುತ್ತಾರೋ ಅದೇ ಅಚ್ಚಿನಲ್ಲಿ ವ್ಯವಸ್ಥೆ ರೂಪುಗೊಳ್ಳುತ್ತದೆಂದು ಗಣಕ ವಿಜ್ಞಾನಿ ಮೆಲ್ವಿನ್ ಕಾನ್ವೆ 1968ರಲ್ಲೇ ಬರೆದರು. ಹಾಗಾದರೆ ಗ್ರಾಮ ಆಡಳಿತಾಧಿಕಾರಿಯೊಡನೆ, ಸರ್ವೇಯರ್ ಜೊತೆ, ತೋಟದ ಹೆಣ್ಣುಮಕ್ಕಳ ಜೊತೆ ಆಡದ ಮಾತು ನಮ್ಮ ತಂತ್ರಾಂಶದಲ್ಲಿ ಕೊರತೆಯಾಗಿಯೇ ಉಳಿಯುತ್ತದೆ.

ಈ ಎರಡು ದಿನದಲ್ಲಿ ಮೂರು ಕೆಲಸ ಆಗಲಿ ಎಂಬುದು ನನ್ನ ಆಶಯ. ಪ್ರತಿ ಗೋಷ್ಠಿಯಲ್ಲೂ ಮೊದಲ ಮಾತು ಬಳಕೆದಾರರದ್ದಾಗಲಿ. ವಿನ್ಯಾಸಕಾರರು ಟಿಪ್ಪಣಿ ಬರೆದುಕೊಳ್ಳಲಿ. ವಿನ್ಯಾಸದ ದೊಡ್ಡ ನಿರ್ಧಾರಗಳನ್ನು ಕಾರಣಸಹಿತ ಒಂದೊಂದು ಪುಟದಲ್ಲಿ ಬರೆದಿಡುವ ಪದ್ಧತಿ ನಮ್ಮ ವೃತ್ತಿಯಲ್ಲಿದೆ. ಅದನ್ನು ಕನ್ನಡದಲ್ಲೂ ಬರೆಯೋಣ. ಆ ಪುಟ ಓದಿ 'ಇದು ನಮ್ಮೂರಿಗೆ ಹೊಂದುವುದಿಲ್ಲ' ಎಂದು ತಡೆಯುವ ಅಧಿಕಾರ ಸ್ಥಳೀಯರಿಗಿರಲಿ. ಸಲಹೆ ಕೇಳಿ ಬದಿಗಿಡುವುದು ಸಹಯೋಗವಲ್ಲ. ತಡೆಯಬಲ್ಲವರ ಎದುರು ನಮ್ಮ ನಕ್ಷೆ ಹರಡುವ ಧೈರ್ಯ ನಮಗೆ ಬರಬೇಕು. ಆ ಕೆಲಸ ಇವತ್ತಿನ ಮೊದಲ ಗೋಷ್ಠಿಯಿಂದಲೇ ಶುರುವಾಗಲಿ.